ಫಾರ್ಮ್ಯಾಟ್ ಹೊಡೆಸಿದ ಮೇಲೆ ಕನ್ನಡ ಎಲ್ಲಿ ಹೋಯಿತು?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ – ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಯಾವುದಕ್ಕೆ ಹೋದರೂ ಸರ್ಕಾರಿ ಕಚೇರಿಗಳ ಆಸುಪಾಸಿನಲ್ಲಿ ಸಣ್ಣ ಅಂಗಡಿಗಳು ಕಾಣುತ್ತವೆ. ಜೆರಾಕ್ಸ್, ಡಿ.ಟಿ.ಪಿ., ಪತ್ರ ಬರಹ, ಲಗ್ನಪತ್ರಿಕೆ, ತಿಥಿ ಕಾರ್ಡು, ಜಾತ್ರೆಯ ಕರಪತ್ರ ಎಲ್ಲವೂ ಅಲ್ಲಿ ಆಗುತ್ತವೆ. ಅಂಗಡಿಯ ಗಣಕಯಂತ್ರ ನಿಧಾನವಾಯಿತು, ವೈರಸ್ ಬಂತು, ಶುರುವಾಗಿ ನೀಲಿ ಪರದೆಯಲ್ಲೇ ನಿಂತಿತು ಎಂದರೆ ರಿಪೇರಿಗೆ ಬಂದ ಹುಡುಗ ಹೇಳುವ ಮದ್ದು ಬಹುತೇಕ ಒಂದೇ: ‘ಫಾರ್ಮ್ಯಾಟ್ ಹೊಡೆಸಿಬಿಡಿ ಅಣ್ಣ, ಹೊಸದರ ಹಾಗೆ ಆಗುತ್ತೆ.’

ಅವನು ಹೇಳುವುದು ಸುಳ್ಳಲ್ಲ. ಒಂದೆರಡು ಗಂಟೆಯಲ್ಲಿ ಯಂತ್ರ ನಿಜವಾಗಿಯೂ ಹೊಸದರ ಹಾಗೆ ಆಗುತ್ತದೆ. ತೊಂದರೆ ಇರುವುದೂ ಅಲ್ಲಿಯೇ. ಹೊಸದಾಗಿ ಅಂಗಡಿಯಿಂದ ಬಂದ ದಿನ ಆ ಯಂತ್ರದಲ್ಲಿ ಏನೇನು ಇರಲಿಲ್ಲವೋ ಅವೆಲ್ಲವೂ ಮತ್ತೆ ಇಲ್ಲವಾಗುತ್ತವೆ. ಹಾಗೆ ಇಲ್ಲವಾಗುವ ವಸ್ತುಗಳಲ್ಲಿ ನಮ್ಮ ಕಡೆ ಎಷ್ಟೋ ಸಲ ಕನ್ನಡವೂ ಒಂದು. ಕಡತ ಇದ್ದಲ್ಲಿಯೇ ಇರುತ್ತದೆ, ಹೆಸರೂ ಅದೇ. ತೆರೆದು ನೋಡಿದರೆ ಒಳಗೆ ಇಂಗ್ಲಿಷೂ ಅಲ್ಲದ ಫ್ರೆಂಚೂ ಅಲ್ಲದ ಕಾಗೆ ಕಾಲು ಗುಬ್ಬಿ ಕಾಲು.

ಇದು ಏಕೆ ಹೀಗೆ ಎಂಬುದನ್ನು ತಿಳಿಯಲು ಮೊದಲು ‘ಫಾರ್ಮ್ಯಾಟ್ ಹೊಡೆಸುವುದು’ ಎಂಬ ಮಾತಿನಲ್ಲಿ ಅಡಗಿರುವ ಎರಡು ಕೆಲಸಗಳನ್ನು ಬೇರೆ ಮಾಡಿಕೊಳ್ಳಬೇಕು. ಒಂದು, ಗಣಕದ ದಾಸ್ತಾನು ಮುದ್ರಿಕೆಯನ್ನು ಅಥವಾ ಅದರ ಒಂದು ಭಾಗವನ್ನು ಖಾಲಿ ಮಾಡುವುದು. ಇನ್ನೊಂದು, ಆ ಖಾಲಿ ಜಾಗದಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು, ಅಂದರೆ ವಿಂಡೋಸ್ ಅಥವಾ ಲಿನಕ್ಸನ್ನು, ಹೊಸದಾಗಿ ಕೂರಿಸುವುದು. ಕಾರ್ಯಾಚರಣ ವ್ಯವಸ್ಥೆ ಎಂದರೇನೆಂದು ದೊಡ್ಡಬಳ್ಳಾಪುರದ ನೇಕಾರರಿಗೆ ವಿವರಿಸುವುದು ಎಲ್ಲಕ್ಕಿಂತ ಸುಲಭ. ಡಿಸೈನಿನ ಸೀರೆ ನೇಯುವ ಮಗ್ಗದ ಮೇಲೆ ಜಕಾರ್ಡ್ ಪೆಟ್ಟಿಗೆ ಇರುತ್ತದೆ. ಅದಕ್ಕೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರಪಳಿ ತೂಗುಬಿದ್ದಿರುತ್ತದೆ. ತೂತಿರುವ ಕಡೆ ಸೂಜಿ ಒಳಹೊಕ್ಕು ಅದಕ್ಕೆ ಸೇರಿದ ಹಾಸಿನ ಎಳೆ ಮೇಲೇಳುತ್ತದೆ, ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಕಾರ್ಡು ಬದಲಾಯಿಸಿದರೆ ಅದೇ ಮಗ್ಗದಲ್ಲಿ ಮಾವಿನಕಾಯಿ ಬುಟ್ಟಾ ಹೋಗಿ ನವಿಲು ಬರುತ್ತದೆ.

ಫ್ರಾನ್ಸಿನ ಲಿಯೋಂ ಪಟ್ಟಣದ ಜೋಸೆಫ್ ಮರಿ ಜಕಾರ್ಡ್ ಈ ಉಪಾಯವನ್ನು ಬಳಕೆಗೆ ತಂದದ್ದು 1804ರ ಸುಮಾರಿಗೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಇದೇ ತೂತು ಕಾರ್ಡುಗಳನ್ನು ಬಳಸಲು ಯೋಚಿಸಿದ್ದ. ಸುಮಾರು 24,000 ಕಾರ್ಡು ಬಳಸಿ ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವೊಂದು ಬ್ಯಾಬೇಜನ ಮನೆಯಲ್ಲಿತ್ತು. ಅಂದರೆ ಗಣಕಯಂತ್ರ ನೇಕಾರರಿಗೆ ದೂರದ ನೆಂಟನೇ. ಮಗ್ಗ ಯಂತ್ರಾಂಶ, ಕಾರ್ಡು ತಂತ್ರಾಂಶ. ಕಾರ್ಯಾಚರಣ ವ್ಯವಸ್ಥೆಯಾದರೋ ಯಾವುದೇ ಒಂದು ಡಿಸೈನಿನ ಕಾರ್ಡಲ್ಲ. ಯಾರು ಯಾವ ಡಿಸೈನು ತಂದರೂ ಅದನ್ನು ಮಗ್ಗಕ್ಕೆ ಹೊಂದಿಸಿ, ನೂಲು ಒದಗಿಸಿ, ನೇಯ್ದದ್ದನ್ನು ಸುತ್ತಿ ಇಡುವ ಮೇಸ್ತ್ರಿ. ಫಾರ್ಮ್ಯಾಟ್ ಹೊಡೆಸುವುದೆಂದರೆ ಹಳೆಯ ಮೇಸ್ತ್ರಿಯನ್ನು ಕಳಿಸಿ ಹೊಸಬನನ್ನು ನೇಮಿಸಿದಂತೆ. ಹಳಬ ಹೋಗುವಾಗ ಉಗ್ರಾಣದ ಕೀಲಿಕೈ ಯಾರ ಕೈಗೆ ಕೊಟ್ಟ ಎಂಬುದೇ ಪ್ರಶ್ನೆ.

ಈ ಪ್ರಶ್ನೆ ಈಗ ತುರ್ತಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮೊದಲು ಹೀಗೆ ಎಕ್ಸ್‌ಪಿ 2014ರ ಏಪ್ರಿಲ್ 8ರಂದು, ವಿಂಡೋಸ್ 7 2020ರ ಜನವರಿ 14ರಂದು ನಿವೃತ್ತವಾಗಿದ್ದವು. ಬೆಂಬಲ ಮುಗಿದ ಮರುದಿನ ಯಂತ್ರವೇನೂ ನಿಲ್ಲುವುದಿಲ್ಲ. ಹೊಸದಾಗಿ ಕಂಡುಬಂದ ಕಳ್ಳಗಿಂಡಿಗಳನ್ನು ಮುಚ್ಚುವ ತೇಪೆಗಳು ಬರುವುದು ನಿಲ್ಲುತ್ತದೆ, ಅಷ್ಟೆ. ಈ ಸಲದ ವಿಶೇಷವೆಂದರೆ ಮುಂದಿನ ಮೆಟ್ಟಿಲಾದ ವಿಂಡೋಸ್ 11 ಎಲ್ಲ ಯಂತ್ರಗಳನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕ ಬೇಕು. ಇಂಟೆಲ್ ಆದರೆ ಸರಿಸುಮಾರು ಎಂಟನೇ ಪೀಳಿಗೆಯ ಅಥವಾ ಅದರ ನಂತರದ ಸಂಸ್ಕಾರಕ ಬೇಕು. 2016ರಲ್ಲಿ ಕೊಂಡ ಗಟ್ಟಿಮುಟ್ಟಾದ ಯಂತ್ರವೂ ಈ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಹಲವರು ಹೊಸ ಯಂತ್ರ ಕೊಳ್ಳುತ್ತಿದ್ದಾರೆ, ಕೆಲವರು ಹಳೆಯದಕ್ಕೇ ಲಿನಕ್ಸ್ ಹಾಕಿಸುತ್ತಿದ್ದಾರೆ, ಹಾಕಬಹುದಾದವರು ವಿಂಡೋಸ್ 11 ಹಾಕಿಸುತ್ತಿದ್ದಾರೆ. ಮೂರರಲ್ಲಿ ಯಾವ ದಾರಿ ಹಿಡಿದರೂ ಉಗ್ರಾಣದ ಸಾಮಾನು ಸಾಗಿಸಲೇಬೇಕು.

ಅಂಗಡಿಯಿಂದ ಕೊಂಡ ಯಂತ್ರದಲ್ಲಿ ಏನೇನು ಬಂದಿರುತ್ತದೆ? ಒಂದು ಕಾಲದಲ್ಲಿ ಗ್ರಾಮಾಂತರದವರಿಗೆ ಗಣಕವೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಆಯ್ದು ಜೋಡಿಸಿದ ‘ಅಸೆಂಬಲ್ಡ್’ ಯಂತ್ರ. ಅದರಲ್ಲಿ ವಿಂಡೋಸ್ ಎಲ್ಲಿಂದ ಬಂತು ಎಂದು ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ. ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿದ ಒಂದು ಸಿ.ಡಿ. ಊರಿಗೆಲ್ಲ ಸಾಕಾಗುತ್ತಿತ್ತು. ಕಂಪನಿ ಹೆಸರಿನ ಯಂತ್ರ ಕೊಂಡವರಿಗೆ ಅಸಲಿ ಸಿ.ಡಿ. ಸಿಗುತ್ತಿತ್ತು, ಪೆಟ್ಟಿಗೆಯ ಮೈಮೇಲೆ 25 ಅಕ್ಷರ-ಅಂಕಿಗಳ ಪರವಾನಗಿ ಚೀಟಿ ಅಂಟಿಸಿರುತ್ತಿದ್ದರು. ಕ್ರಮೇಣ ಕಂಪನಿಗಳು ಸಿ.ಡಿ. ಕೊಡುವುದನ್ನು ಬಿಟ್ಟು, ಅದರಲ್ಲಿದ್ದುದನ್ನು ಯಂತ್ರದೊಳಗೇ ಒಂದು ಮರೆಯ ಭಾಗದಲ್ಲಿ ಬಚ್ಚಿಡತೊಡಗಿದವು. 2012ರಲ್ಲಿ ಬಂದ ವಿಂಡೋಸ್ 8ರಿಂದ ಪರವಾನಗಿ ಸಂಖ್ಯೆ ಕೂಡ ಚೀಟಿಯಿಂದ ಜಾರಿ ಮದರ್‌ಬೋರ್ಡಿನ ಚಿಪ್ಪಿನೊಳಗೆ ಸೇರಿತು. ಇದರಿಂದ ಒಂದು ಅನುಕೂಲವಾಯಿತು. ಅಂಥ ಯಂತ್ರಕ್ಕೆ ಅದೇ ದರ್ಜೆಯ ವಿಂಡೋಸನ್ನು, ಉದಾಹರಣೆಗೆ ಹೋಂ ಇದ್ದರೆ ಹೋಂ ಅನ್ನೇ, ಮತ್ತೆ ಹಾಕಿದರೆ ಅದು ಸಂಖ್ಯೆ ಕೇಳುವುದಿಲ್ಲ. ತಾನೇ ಚಿಪ್ಪಿನಿಂದ ಓದಿಕೊಂಡು ಅಸಲಿಯೆಂದು ಒಪ್ಪುತ್ತದೆ. ಈ ವಿಷಯ ತಿಳಿಯದೆ, ಪರವಾನಗಿ ಸಮೇತ ಕೊಂಡ ಲ್ಯಾಪ್‌ಟಾಪಿಗೆ ದುಡ್ಡು ಕೊಟ್ಟು ಕಳ್ಳ ವಿಂಡೋಸ್ ಹಾಕಿಸಿಕೊಂಡವರು ಅಲ್ಲಲ್ಲಿ ಸಿಗುತ್ತಾರೆ. ಕಡಿಮೆ ಬೆಲೆಗೆ ಸಿಗುವ ‘ಡಾಸ್ ಲ್ಯಾಪ್‌ಟಾಪ್’ ಮಾತ್ರ ಬೇರೆ ಲೆಕ್ಕ. ಅದರ ಜತೆ ವಿಂಡೋಸಿನ ಪರವಾನಗಿ ಬಂದಿರುವುದೇ ಇಲ್ಲ.

ಅಸಲಿ ವಿಂಡೋಸಿನ ಜತೆಗೆ ಕಂಪನಿಯವರು ಕೇಳದೆ ಕೊಟ್ಟ ಸಾಮಾನೂ ಇರುತ್ತದೆ: ಮೂವತ್ತು ದಿನದ ಆ್ಯಂಟಿವೈರಸ್, ಆಟಗಳು, ಅಂಗಡಿಯ ಜಾಹೀರಾತು. ಇವು ಬರಿಯ ಕಿರಿಕಿರಿ ಎಂದುಕೊಂಡಿದ್ದವರಿಗೆ 2015ರ ಫೆಬ್ರುವರಿಯಲ್ಲಿ ಕಣ್ಣು ತೆರೆಯಿತು. ಲೆನೊವೊ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಸೇರಿಸಿದ್ದ ‘ಸೂಪರ್‌ಫಿಶ್’ ಎಂಬ ಜಾಹೀರಾತು ತಂತ್ರಾಂಶ, ಬ್ಯಾಂಕಿನಂಥ ಸುರಕ್ಷಿತ ಜಾಲತಾಣಗಳ ಬೀಗವನ್ನೇ ಸಡಿಲಿಸುತ್ತಿತ್ತು ಎಂಬುದು ಆಗ ಬಯಲಾಯಿತು. ಹೊಸ ಯಂತ್ರವನ್ನೂ ಒಮ್ಮೆ ತೊಳೆದು ಬಳಸುವುದು ಒಳ್ಳೆಯದು ಎನ್ನುವವರ ವಾದಕ್ಕೆ ಬಲ ಬಂದದ್ದು ಇಂಥ ಪ್ರಕರಣಗಳಿಂದ. ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮರೆಯ ಭಾಗದಿಂದ ಯಂತ್ರವನ್ನು ‘ಕಾರ್ಖಾನೆಯ ಸ್ಥಿತಿಗೆ’ ತಂದರೆ ಈ ಬೇಡದ ಸಾಮಾನೆಲ್ಲ ಮರಳಿ ಬರುತ್ತದೆ. ಮೈಕ್ರೋಸಾಫ್ಟಿನಿಂದಲೇ ಇಳಿಸಿಕೊಂಡ ಪ್ರತಿಯನ್ನು ಹಾಕಿದರೆ ಬರುವುದಿಲ್ಲ.

ಹಾಕುವ ಕ್ರಮ ಈಗ ಬ್ರಹ್ಮವಿದ್ಯೆಯೇನಲ್ಲ. ಸರಿಯಾಗಿರುವ ಇನ್ನೊಂದು ಗಣಕದಲ್ಲಿ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಸಾಧನದಿಂದ 8 ಜಿ.ಬಿ.ಯ ಒಂದು ಪೆನ್‌ಡ್ರೈವ್ ತಯಾರಿಸಿಕೊಳ್ಳುವುದು. ಕೆಟ್ಟ ಯಂತ್ರಕ್ಕೆ ಅದನ್ನು ಚುಚ್ಚಿ, ಶುರುವಾಗುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿ ಪೆನ್‌ಡ್ರೈವಿನಿಂದ ಎಬ್ಬಿಸುವುದು. ಕೇಳಿದ್ದಕ್ಕೆ ಉತ್ತರ ಕೊಡುತ್ತ ಹೋಗುವುದು. ಕೊನೆಗೆ ಶಬ್ದ ಬರದಿದ್ದರೆ, ವೈಫೈ ಕಾಣದಿದ್ದರೆ ಹೆದರಬೇಕಿಲ್ಲ. ಆಯಾ ಬಿಡಿಭಾಗದ ಜತೆ ಮಾತಾಡುವ ‘ಡ್ರೈವರ್’ ತಂತ್ರಾಂಶ ಬಂದಿಲ್ಲ ಎಂದರ್ಥ, ಅದು ಯಂತ್ರದ ಕಂಪನಿಯ ತಾಣದಲ್ಲಿ ಸಿಗುತ್ತದೆ. ವೈಫೈ ಡ್ರೈವರನ್ನು ಮೊದಲೇ ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡವನೇ ಜಾಣ.

ಕಷ್ಟ ಇರುವುದು ಈ ಕ್ರಮದ ನಡುವೆ ಬರುವ ಒಂದೇ ಪರದೆಯಲ್ಲಿ: ಯಾವ ಭಾಗಕ್ಕೆ ಹಾಕಲಿ ಎಂದು ಅದು ಕೇಳುತ್ತದೆ. ನಮ್ಮ ಅಂಗಡಿಗಳಲ್ಲಿ ಹಾರ್ಡ್ ಡಿಸ್ಕನ್ನು ಸಿ, ಡಿ, ಇ ಎಂದು ಮೂರು ಪಾಲು ಮಾಡಿಕೊಡುವುದು ಹಳೆಯ ವಾಡಿಕೆ. ಅಣ್ಣತಮ್ಮಂದಿರು ಜಮೀನು ಹಿಸ್ಸೆ ಮಾಡಿಕೊಂಡ ಹಾಗೆ. ‘ಸಿ ಹೋದರೂ ಡಿ ಉಳಿಯುತ್ತೆ’ ಎಂಬುದು ಆ ಕಾಲದ ಗಾದೆ, ಆ ಕಾಲಕ್ಕೆ ಸರಿಯಾದ ಗಾದೆ. ಆದರೆ ಅದಕ್ಕೆ ಎರಡು ತೂತುಗಳಿವೆ. ಕಣ್ಣೆದುರಿಗೇ ಕಾಣುವ ಡೆಸ್ಕ್‌ಟಾಪ್ ಯಾವ ಡ್ರೈವಿಗೂ ಸೇರದ ಜಗಲಿ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವವಾಗಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲವೂ ಸಿ ಡ್ರೈವಿನ ಹೊಟ್ಟೆಯಲ್ಲೇ ಇವೆ. ಸಿ ಅಳಿದರೆ ಅವೂ ಅಳಿಯುತ್ತವೆ. ಎರಡನೆಯದು, ಈಗ ಅಂಗಡಿಯಿಂದ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲಿಗೆ ಬಳಕೆಯ ಭಾಗವೆಂದು ಇರುವುದು ಸಿ ಒಂದೇ. ಹಳೆಯ ಗಾದೆ ನಂಬಿ ಸಿ ಅಳಿಸಿದವರಿಗೆ ಡಿ ಎಂಬುದೇ ಇರುವುದಿಲ್ಲ. ಹಳೆಯ ತಿರುಗುವ ಡಿಸ್ಕುಗಳಲ್ಲಿ ಅಳಿಸಿದ್ದನ್ನು ಎಷ್ಟೋ ಸಲ ಹೆಕ್ಕಿ ತೆಗೆಯಬಹುದಿತ್ತು, ಏಕೆಂದರೆ ಅವಸರದ ಫಾರ್ಮ್ಯಾಟಿನಲ್ಲಿ ಅಳಿಯುತ್ತಿದ್ದುದು ಅನುಕ್ರಮಣಿಕೆ ಮಾತ್ರ, ಪುಟಗಳಲ್ಲ. ಈಗಿನ ಎಸ್.ಎಸ್.ಡಿ.ಗಳು ಖಾಲಿ ಎಂದು ಗುರುತಾದ ಜಾಗವನ್ನು ತಾವಾಗಿಯೇ ಗುಡಿಸಿಬಿಡುತ್ತವೆ. ಅಲ್ಲಿ ಹೆಕ್ಕುವವನಿಗೆ ಕೂಲಿ ಗಿಟ್ಟುವುದು ಅಪರೂಪ.

ಇನ್ನೊಂದು ಹೊಸ ಸಂಗತಿ ಬೀಗದ್ದು. ವಿಂಡೋಸ್ 11ರ 2024ರ ಆವೃತ್ತಿಯಿಂದೀಚೆಗೆ, ಮೈಕ್ರೋಸಾಫ್ಟ್ ಖಾತೆಯ ಮೂಲಕ ಹೊಸದಾಗಿ ಶುರುಮಾಡಿದ ಯಂತ್ರಗಳಲ್ಲಿ ಇಡೀ ಡಿಸ್ಕು ಸಾಮಾನ್ಯವಾಗಿ ತಾನಾಗಿಯೇ ಗೂಢಲಿಪಿಗೆ ತಿರುಗುತ್ತದೆ. ಯಂತ್ರ ಕಳುವಾದರೆ ಇದು ದೊಡ್ಡ ರಕ್ಷಣೆ. ಯಂತ್ರ ಕೆಟ್ಟರೆ ಮಾತ್ರ 48 ಅಂಕಿಗಳ ಒಂದು ಕೀಲಿಸಂಖ್ಯೆ ಕೊಡದೆ ಡಿಸ್ಕನ್ನು ಬೇರೆ ಗಣಕಕ್ಕೆ ಹಚ್ಚಿದರೂ ಒಂದಕ್ಷರ ಓದಲಾಗದು. ಆ ಸಂಖ್ಯೆ ಇರುವುದು ಖಾತೆಯಲ್ಲಿ. ಖಾತೆ ತೆರೆದವರು ಯಾರು? ಎಷ್ಟೋ ಸಲ ಯಂತ್ರ ಮಾರಿದ ಅಂಗಡಿಯ ಹುಡುಗ, ಗಿರಾಕಿಗೆ ಕಾಯಿಸಬಾರದೆಂಬ ಒಳ್ಳೆಯ ಮನಸ್ಸಿನಿಂದಲೇ, ತನ್ನದೋ ಯಾರದೋ ಮಿಂಚಂಚೆ ವಿಳಾಸ ಕೊಟ್ಟು ತೆರೆದಿರುತ್ತಾನೆ. ಯಂತ್ರದ ಜತೆ ಬಂದ ಆಫೀಸ್ ತಂತ್ರಾಂಶದ ಹಕ್ಕೂ ಅದೇ ಖಾತೆಗೆ ಗಂಟು ಬಿದ್ದಿರುತ್ತದೆ. ಎರಡು ವರ್ಷ ಕಳೆದು ಆ ಹುಡುಗ ಅಂಗಡಿ ಬಿಟ್ಟು ಹೋದ ಮೇಲೆ ಗುಪ್ತಪದ ಕೇಳುವುದು ಯಾರನ್ನು?

ಇಷ್ಟೆಲ್ಲ ಜಗತ್ತಿನ ಯಾವ ಊರಿಗಾದರೂ ಅನ್ವಯಿಸುವ ಮಾತು. ಕನ್ನಡದ ಫಜೀತಿ ಇದರ ಮೇಲೆ ಬಂದದ್ದು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1980ರ ದಶಕದ ಕೊನೆಯಲ್ಲಿ ಗಣಕದಲ್ಲಿ ಭಾರತೀಯ ಲಿಪಿ ಬೇಕೆಂದವರು ‘ಜಿಸ್ಟ್’ ಎಂಬ ಕಾರ್ಡನ್ನು ಯಂತ್ರದೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಐ.ಐ.ಟಿ. ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ತಂತ್ರ ಅದು. ಲಿಪಿ ಕಾರ್ಡಿನಲ್ಲೇ ಇದ್ದುದರಿಂದ ಡಿಸ್ಕಿಗೆ ಏನಾದರೂ ಅಕ್ಷರಕ್ಕೆ ಅಪಾಯವಿರಲಿಲ್ಲ ಎನ್ನಬಹುದು. ವಿಂಡೋಸ್ ಬಂದು ಅಕ್ಷರಗಳು ಫಾಂಟ್ ಎಂಬ ಕಡತಗಳಾದವು. ಆದರೆ ಆ ಫಾಂಟುಗಳ ಚೌಕಟ್ಟು ಇಂಗ್ಲಿಷಿಗೂ ಪಶ್ಚಿಮ ಯೂರೋಪಿನ ಭಾಷೆಗಳಿಗೂ ಹೊಲಿದ ಅಂಗಿ. ಅದರಲ್ಲಿದ್ದದ್ದು ಇನ್ನೂರಕ್ಕೂ ಸ್ವಲ್ಪ ಹೆಚ್ಚು ಗೂಡುಗಳು ಮಾತ್ರ. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಇಡಿಯಾಗಿ ತುಂಬಲು ಜಾಗ ಸಾಲದು. ಆದ್ದರಿಂದ ತಂತ್ರಜ್ಞರು ಅಕ್ಷರಗಳನ್ನು ತುಂಡುಮಾಡಿದರು: ತಲೆಕಟ್ಟು ಬೇರೆ, ಬುಡ ಬೇರೆ, ಒತ್ತು ಬೇರೆ. ಇಂಗ್ಲಿಷ್ ಅಕ್ಷರದ ಗೂಡಿನಲ್ಲಿ ಕನ್ನಡದ ತುಂಡನ್ನು ಕೂರಿಸಿದರು. ಗಣಕ ಆ ಕಡತವನ್ನು ಇಂಗ್ಲಿಷೆಂದೇ ತಿಳಿದಿರುತ್ತದೆ. ಕನ್ನಡ ಕಾಣುವುದು ನೋಡುವವರ ಕಣ್ಣಿಗೆ ಮಾತ್ರ, ಅದೂ ಆ ಫಾಂಟು ಇರುವವರೆಗೆ.

‘ಕನ್ನಡ’ ಎಂಬ ಪದವನ್ನೇ ನೋಡಿ. ನುಡಿ ತಂತ್ರಾಂಶದ ಹಳೆಯ ಸಂಕೇತದಲ್ಲಿ ಅದು ಏಳು ತುಂಡು: ದೊಡ್ಡ ಪಿ ಅಕ್ಷರ, ತಲೆಯ ಮೇಲೆ ಓರೆ ಗೀಟಿರುವ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಅದೇ ಗೀಟಿನ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಗೀಟಿನ ಎ. ಪಿ ಎಂದರೆ ಕಕಾರದ ಬುಡ, ಗೀಟಿನ ಎ ಎಂದರೆ ತಲೆಕಟ್ಟು, ಪೌಂಡು ನಕಾರದ ಬುಡ, ಜರ್ಮನ್ ಅಕ್ಷರ ನಕಾರದ ಒತ್ತು. ಕರ್ನಾಟಕದಲ್ಲಿ ಡಿ.ಟಿ.ಪಿ. ಕೆಲಸ ಮಾಡಿದ ಯಾರನ್ನು ಕೇಳಿದರೂ ಈ ಸಾಲನ್ನು ಗುರುತಿಸುತ್ತಾರೆ. ಫಾರ್ಮ್ಯಾಟ್ ಹೊಡೆಸಿದ ಮರುದಿನ ಪರದೆಯ ಮೇಲೆ ಕಾಣುವ ಕಾಗೆ ಕಾಲು ಗುಬ್ಬಿ ಕಾಲು ಇದೇ. ಕಡತ ಹಾಳಾಗಿರುವುದಿಲ್ಲ. ಅದರ ಕನ್ನಡಕ ಕಳೆದಿರುತ್ತದೆ.

ಈ ಕನ್ನಡಕಗಳೂ ಒಂದೇ ನಂಬರಿನವಲ್ಲ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಸರ್ಕಾರದ ಬೆಂಬಲದಿಂದ 2000ದ ದಶಕದ ಆರಂಭದಿಂದ ಕಚೇರಿಗಳಿಗೆ ಹಬ್ಬಿತು. ಅದರ ಕೀಲಿಮಣೆಯ ವಿನ್ಯಾಸಕ್ಕೆ ಮೂಲ ಕೆ.ಪಿ. ರಾವ್ ಅವರದು; ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ಅವರು ಹಿಂದೆಯೇ ‘ಸೇಡಿಯಾಪು’ ಎಂಬ ಕನ್ನಡ ತಂತ್ರಾಂಶ ಮಾಡಿದ್ದರು. ಮುದ್ರಣದವರಲ್ಲಿ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಬಳಕೆಯಲ್ಲಿದ್ದವು. ಒಂದೊಂದು ಕಂಪನಿಯದೂ ಒಂದೊಂದು ಸಂಕೇತ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲಾಗದೆ ಜನ ಬೇಸತ್ತ ಮೇಲೆಯೇ ಏಕರೂಪ ಸಂಕೇತದ ಮಾತು ಬಂದದ್ದು. ಕೆಲವಕ್ಕೆ ‘ಡಾಂಗಲ್’ ಎಂಬ ಬೆರಳುದ್ದದ ಬೀಗವನ್ನು ಯಂತ್ರದ ಹಿಂದೆ ಸಿಕ್ಕಿಸಬೇಕಿತ್ತು. ಹೊಸ ಯಂತ್ರದಲ್ಲಿ ಆ ಕಿಂಡಿಯೇ ಇಲ್ಲದಿದ್ದರೆ ತಂತ್ರಾಂಶವೂ ಇಲ್ಲ.

ಇದಕ್ಕೆಲ್ಲ ಪರಿಹಾರ ಯೂನಿಕೋಡ್. ಪ್ರಪಂಚದ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಈ ಪಟ್ಟಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ಸಿಕ್ಕಿತ್ತು. ವಿಂಡೋಸ್ ಅದನ್ನು ಕನ್ನಡಕ್ಕೆ ತಂದದ್ದು ಹತ್ತು ವರ್ಷ ತಡವಾಗಿ, 2001ರ ಅಕ್ಟೋಬರಿನಲ್ಲಿ ಬಂದ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನ ಜತೆ. ಅಲ್ಲಿಯೂ ಒಂದು ಕೊಕ್ಕೆ ಇತ್ತು. ಸಂಕೀರ್ಣ ಲಿಪಿಗಳ ಬೆಂಬಲ ತಾನಾಗಿ ಬರುತ್ತಿರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ, ಅಸಲು ಸಿ.ಡಿ.ಯನ್ನು ಮತ್ತೆ ತುಂಬಬೇಕಿತ್ತು. ಅಂದು ಫಾರ್ಮ್ಯಾಟ್ ಹೊಡೆಯುವ ಹುಡುಗನಿಗೆ ಅದು ಗೊತ್ತಿಲ್ಲದಿದ್ದರೆ, ಸಿ.ಡಿ. ಕಿಸೆಯಲ್ಲಿಟ್ಟುಕೊಂಡು ಹೊರಟುಹೋಗಿದ್ದರೆ, ಆ ಯಂತ್ರಕ್ಕೆ ಕನ್ನಡ ಬಾರದು. ವಿಸ್ತಾದಿಂದ ಈ ಕಾಟ ತಪ್ಪಿತು. ಈಗಿನ ವಿಂಡೋಸ್, ಲಿನಕ್ಸ್, ಮೊಬೈಲು ಎಲ್ಲವೂ ಹುಟ್ಟುತ್ತಲೇ ಕನ್ನಡ ಓದುತ್ತವೆ. ನುಡಿಯ ಈಚಿನ ಆವೃತ್ತಿಗಳೂ ಯೂನಿಕೋಡಿನಲ್ಲಿ ಬರೆಯುತ್ತವೆ. ಸಣ್ಣ ತೊಡಕೊಂದು ಉಳಿದಿದೆ. ವಿಂಡೋಸ್ 10ರಿಂದ ತುಂಗಾ ಫಾಂಟು ಮೊದಲೇ ಬರುವುದಿಲ್ಲ, ಐಚ್ಛಿಕ ಸೌಲಭ್ಯವಾಗಿ ಬೇರೆಯಾಗಿ ಹಾಕಿಕೊಳ್ಳಬೇಕು. ತುಂಗಾದಲ್ಲಿ ಮಾಡಿದ್ದ ಹಳೆಯ ಕಡತ ‘ನಿರ್ಮಲಾ’ ಎಂಬ ಬದಲಿ ಫಾಂಟಿನಲ್ಲಿ ತೆರೆದು ಸಾಲು-ಪುಟ ಹಿಂದೆಮುಂದೆ ಆಗಬಹುದು. ಅಕ್ಷರ ಮಾತ್ರ ಸುರಕ್ಷಿತ.

ಹಾಗಿದ್ದರೂ ಹಳೆಯ ಸಂಕೇತದ ಬರವಣಿಗೆ ನಿಂತಿಲ್ಲ. ಕಾರಣ ಸೋಮಾರಿತನವಲ್ಲ. ಡಿ.ಟಿ.ಪಿ.ಯವರ ಅಚ್ಚುಮೆಚ್ಚಿನ ಪೇಜ್‌ಮೇಕರಿನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ತಿಳಿಯದು. ಕೈ ಕುಳಿತ ತಂತ್ರಾಂಶ, ಸಾವಿರಾರು ಲಗ್ನಪತ್ರಿಕೆಗಳ ಮಾದರಿ, ಎಲ್ಲವೂ ಅದರಲ್ಲಿವೆ. ಹೊಸ ವಿಂಡೋಸ್ ಅದನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಅದೇ ಕಂಪನಿಯ ಉತ್ತರಾಧಿಕಾರಿ ತಂತ್ರಾಂಶ ಇನ್‌ಡಿಸೈನ್ ಕೂಡ ಸಿ.ಎಸ್. 6ರ ನಂತರ ಪೇಜ್‌ಮೇಕರ್ ಕಡತ ತೆರೆಯುವುದನ್ನು ಕೈಬಿಟ್ಟಿದೆ.

ಇಲ್ಲಿ ಸರ್ಕಾರಿ ದಾಖಲೆಗೂ ಖಾಸಗಿ ದಾಖಲೆಗೂ ಇರುವ ವ್ಯತ್ಯಾಸ ಗಮನಾರ್ಹ. ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಆ ಪಹಣಿ ಇರುವುದು ದತ್ತಸಂಚಯದಲ್ಲಿ. ಹೊಸಕೋಟೆಯ ಯಾವುದೋ ಕಿಟಕಿಯ ಹಿಂದಿನ ಗಣಕವನ್ನು ಹತ್ತು ಸಲ ಫಾರ್ಮ್ಯಾಟ್ ಮಾಡಿದರೂ ರೈತನ ಹೆಸರು ಅಳಿಸದು. ಪತ್ರ ಬರಹಗಾರರು ಕಾಪಿಟ್ಟ ಕ್ರಯಪತ್ರ-ವಿಭಾಗಪತ್ರಗಳ ಕರಡು, ಹಾಲು ಉತ್ಪಾದಕರ ಸಂಘದ ಹಳೆಯ ವಾರ್ಷಿಕ ವರದಿ, ಶಾಲೆಯ ಬೆಳ್ಳಿಹಬ್ಬದ ಸಂಚಿಕೆ, ಊರಿನ ಹಿರಿಯರೊಬ್ಬರು ಟೈಪು ಮಾಡಿಸಿಟ್ಟ ಸೋಬಾನೆ ಪದಗಳು ಹಾಗಲ್ಲ. ಅವು ಇರುವುದು ಒಂದೇ ಯಂತ್ರದಲ್ಲಿ, ಒಂದೇ ಸಂಕೇತದಲ್ಲಿ. ದಸ್ತಾವೇಜು ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪ್ರತಿ ಸಿಗುತ್ತದೆ. ಸೋಬಾನೆ ಪದಕ್ಕೆ ಅಂಥ ಕಚೇರಿ ಯಾವುದೂ ಇಲ್ಲ.

ಹಾಗಾದರೆ ಯಂತ್ರ ರಿಪೇರಿಗೆ ಕೊಡುವ ಮುನ್ನ ಮಾಡಬೇಕಾದದ್ದೇನು? ಕಡತಗಳನ್ನು ಬೇರೆ ಡಿಸ್ಕಿಗೋ ಪೆನ್‌ಡ್ರೈವಿಗೋ ನಕಲು ಮಾಡುವುದಂತೂ ಸರಿ, ಡೆಸ್ಕ್‌ಟಾಪಿನಲ್ಲಿ ಬಿದ್ದಿರುವುದೂ ಸೇರಿ. ಅದರ ಜತೆಗೆ ಸಿ ಡ್ರೈವಿನ ವಿಂಡೋಸ್ ಎಂಬ ಫೋಲ್ಡರಿನೊಳಗೆ ಫಾಂಟ್ಸ್ ಎಂಬ ಇನ್ನೊಂದು ಫೋಲ್ಡರು ಇದೆ. ಅಲ್ಲಿರುವ ನುಡಿ, ಬರಹ, ಶ್ರೀಲಿಪಿ ಫಾಂಟುಗಳನ್ನೂ ಕಡತಗಳ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಇದನ್ನು ಮರೆಯುವವರೇ ಹೆಚ್ಚು. ವಿಂಡೋಸಿನಲ್ಲಿ ‘ನನ್ನ ಕಡತಗಳನ್ನು ಉಳಿಸು’ ಎಂಬ ಸುಲಭದ ಆಯ್ಕೆ ಇದೆ ನಿಜ, ಆದರೆ ಅದು ಕಡತ ಉಳಿಸಿ ಹೊರಗಿನಿಂದ ಹಾಕಿದ ತಂತ್ರಾಂಶಗಳನ್ನು ತೆಗೆಯುತ್ತದೆ. ನುಡಿಯೂ ಹೊರಗಿನದೇ. ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೆಯೇ ಹೊಸ ವಿಂಡೋಸ್ ಕೂರಿಸಿದ್ದರೆ ಹಳೆಯ ಸಾಮಾನು ‘ವಿಂಡೋಸ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಮೂಟೆ ಕಟ್ಟಿ ಬಿದ್ದಿರುತ್ತದೆ. ಫಾಂಟು ಮರೆತವರು ಅಲ್ಲಿ ಹುಡುಕಬಹುದು, ಆದರೆ ಬೇಗ: ಸಾಮಾನ್ಯವಾಗಿ ಹತ್ತು ದಿನದ ಮೇಲೆ ವಿಂಡೋಸ್ ಅದನ್ನು ತಾನೇ ಎಸೆಯುತ್ತದೆ.

ಮುಖ್ಯ ಕಡತಗಳನ್ನು ಪಿ.ಡಿ.ಎಫ್. ಮಾಡಿಡುವುದು ಇನ್ನೊಂದು ಉಪಾಯ. ಪಿ.ಡಿ.ಎಫ್. ತನಗೆ ಬೇಕಾದ ಫಾಂಟನ್ನು ಬುತ್ತಿಯ ಹಾಗೆ ಜತೆಗೇ ಕಟ್ಟಿಕೊಂಡು ಹೋಗುವುದರಿಂದ ಎಲ್ಲಿ ತೆರೆದರೂ ಓದಬಹುದು, ಮುದ್ರಿಸಬಹುದು. ಹುಡುಕುವುದು, ತಿದ್ದುವುದು ಸಾಧ್ಯವಿಲ್ಲ. ಅದರಿಂದ ಪಠ್ಯ ನಕಲು ಮಾಡಿದರೆ ಮತ್ತೆ ಅದೇ ಪೌಂಡು, ಅದೇ ಗೀಟಿನ ಎ. ಲಿನಕ್ಸಿಗೆ ಹೋಗುವವರಿಗೆ ಒಂದು ಸಮಾಧಾನವಿದೆ. ಕಗಪ ಕೀಲಿಮಣೆ ಅಲ್ಲಿ ಮೊದಲೇ ಇರುತ್ತದೆ, ಪಟ್ಟಿಯಿಂದ ಆರಿಸಿಕೊಂಡರಾಯಿತು. ವಿಂಡೋಸ್ ತಾನಾಗಿ ಕೊಡುವುದು ಇನ್‌ಸ್ಕ್ರಿಪ್ಟ್ ಎಂಬ ಬೇರೆ ವಿನ್ಯಾಸ. ಇಪ್ಪತ್ತು ವರ್ಷ ನುಡಿಯಲ್ಲಿ ಬೆರಳು ಪಳಗಿದವರಿಗೆ ಅದು ಬೇರೆಯವರ ಚಪ್ಪಲಿ ಹಾಕಿಕೊಂಡ ಹಾಗೆ.

ಶಾಶ್ವತ ದಾರಿಯೆಂದರೆ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಡುವುದು. ಉಚಿತ ಪರಿವರ್ತಕಗಳು ಇವೆ, ನೂರು ಪುಟವನ್ನು ಕ್ಷಣಗಳಲ್ಲಿ ತಿರುಗಿಸುತ್ತವೆ. ಆದರೆ ಕಣ್ಣುಮುಚ್ಚಿ ನಂಬುವಂತಿಲ್ಲ. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ, ಕೂತಿರುತ್ತದೆ. ಯೂನಿಕೋಡಿನಲ್ಲಿ ಅದು ಉಚ್ಚಾರದ ಕ್ರಮದಲ್ಲಿ ಮುಂಚೆ ಬರಬೇಕು. ಪರಿವರ್ತಕ ಎಡವುವುದು ಇಂಥ ಕಡೆ. ಕನ್ನಡದ ನಡುವೆ ಬಂದ ಇಂಗ್ಲಿಷ್ ಅಕ್ಷರಗಳು ಇನ್ನೂ ಅಪಾಯಕಾರಿ, ಏಕೆಂದರೆ ಯಂತ್ರದ ದೃಷ್ಟಿಯಲ್ಲಿ ಇಡೀ ಕಡತವೇ ಇಂಗ್ಲಿಷು. ಗ್ರಾಮಾಂತರದ ಜಮೀನು ಪತ್ರಗಳಲ್ಲಿ ‘ಪೈಕಿ’ ಎಂಬುದಕ್ಕೆ ಸರ್ವೆ ನಂಬರಿನ ಮುಂದೆ ಇಂಗ್ಲಿಷಿನ ಪಿ ಹಾಕಿ ಒಂದು, ಎರಡು ಎಂದು ಅಂಕಿ ಕೊಡುವ ರೂಢಿ ಇದೆ. ನುಡಿಯ ಸಂಕೇತದಲ್ಲಿ ಅದೇ ದೊಡ್ಡ ಪಿ ಕಕಾರದ ಬುಡ. ಪರಿವರ್ತಕ ಅದನ್ನು ಕನ್ನಡವೆಂದೇ ಓದಿ ಗೋಜಲು ಮಾಡಿದರೆ ಸರ್ವೆ ನಂಬರೇ ಬದಲಾದಂತೆ. ಪತ್ರ ಬರೆಯುವವರು ಪರಿವರ್ತನೆಯಾದ ಕರಡನ್ನು ಮೂಲದ ಮುದ್ರಿತ ಪ್ರತಿಯ ಪಕ್ಕದಲ್ಲಿಟ್ಟು, ಷೆಡ್ಯೂಲಿನ ಭಾಗವನ್ನಾದರೂ ಅಕ್ಷರಕ್ಕೆ ಅಕ್ಷರ, ಅಂಕಿಗೆ ಅಂಕಿ ಹೋಲಿಸಿ ನೋಡಬೇಕಾಗುತ್ತದೆ.